ಲೆಕ್ಕದಲ್ಲಿ ಸವೆದ ಗುಡ್ಡ

ರಾಯದುರ್ಗದ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ನನ್ನ ದಿನಚರಿ ಬಾಯಿಪಾಠ. ಐದಕ್ಕೆ ಏಳುತ್ತೇನೆ, ಆರಕ್ಕೆ ಕೋಟೆ ಗುಡ್ಡದ ಬುಡದವರೆಗೆ ನಡೆದು ಬರುತ್ತೇನೆ, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಹೊರಗಿನ ಕೆಲಸ. ಒಂಬತ್ತಕ್ಕೆ ಮೊದಲು ಅವನ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ ನಾನು. ಆ ದಿನ ತಿಂಡಿ ಬಿಟ್ಟು ಎಂಟಕ್ಕೇ ಹೋಗಿ ನಿಂತೆ. ಅವನಿನ್ನೂ ಷಟರನ್ನು ಅರ್ಧವಷ್ಟೇ ಎತ್ತಿದ್ದ.

"ಯಾಕ್ರೀ ಅಮ್ಮಾರ, ನಿಮ್ಮ ಗಡಿಯಾರ ಮುಂದ ಓಡೈತೋ, ನಂದು ನಿಂತೈತೋ?"

"ಇದನ್ನು ಪ್ರಿಂಟ್ ತೆಗಿ. ಪೂರ್ತಿ."

ಅವನು ನನ್ನ ಫೋನು ಹಿಡಿದು ಬೆರಳಿನಿಂದ ಪುಟ ಸರಿಸಿದ. "ನೂರರ ಮ್ಯಾಲ ಪುಟ ಅದಾವ್ರಿ. ಬಣ್ಣದಾಗ ತೆಗೀಲೇನ್ರಿ? ಭಾಳ ಚಂದ ಅದಾವ್ ನೋಡ್ರಿ, ಹೋಳಿ ಆಡಿದಂಗ. ಏನ್ರೀ ಇವು?"

"ಸುಳ್ಳು."

"ಹಂಗಾರ ಕರೇದಾಗ ತೆಗೀತೀನ್ರಿ. ಸುಳ್ಳಿಗ್ಯಾಕ ಬಣ್ಣದ ಖರ್ಚು?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಬಣ್ಣದಲ್ಲೇ ತೆಗೆಸಿದೆ. ಸುಳ್ಳನ್ನು ಅದು ಉಟ್ಟ ಬಟ್ಟೆಯಲ್ಲೇ ನೋಡಬೇಕು.

ಅದನ್ನು ಹಿಂದಿನ ಸಂಜೆ ಕಳಿಸಿದವಳು ನನ್ನ ತಂಗಿ. ಅವಳಿರುವುದು ಮಡಕಶಿರಾ ಕಡೆ, ಅಮರಾಪುರದ ದಾರಿಯ ಒಂದು ಊರಿನಲ್ಲಿ. ಈಗ ಜಿಲ್ಲೆ ಒಡೆದಿದ್ದಾರೆ. ನಮ್ಮ ಬಾಯಿಗೆ ಎರಡೂ ಇನ್ನೂ ಅನಂತಪುರ ಜಿಲ್ಲೆಯೇ. ಊರ ಪಡುವಣಕ್ಕೆ ಕಡಿದಾದ ಒಂದು ಕಲ್ಲುಗುಡ್ಡ. ಗುಡ್ಡದ ಮೂಡಣ ಬುಡಕ್ಕೆ ಅವಳ ಮನೆ, ಎರಡು ಎಕರೆ ರೇಷ್ಮೆ ಸೊಪ್ಪಿನ ತೋಟ, ತೋಟಕ್ಕೆ ಅಂಟಿಕೊಂಡು ಹುಳು ಸಾಕುವ ಉದ್ದನೆಯ ಶೆಡ್ಡು. ನಾವು ಹುಟ್ಟಿದ್ದೂ ಅಲ್ಲೇ. ಅವಳು ಅಲ್ಲೇ ಉಳಿದಳು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದ ಗಣಿತ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು, ನಿವೃತ್ತಿಯಾದ ಮೇಲೆ ಯಜಮಾನರ ಊರಾದ ರಾಯದುರ್ಗಕ್ಕೆ ಬಂದೆ. ಅವರು ಈಗಿಲ್ಲ. ಅವರ ಊರು ನನಗೆ ಒಗ್ಗಿದೆ.

ತಂಗಿಯ ತೋಟದಿಂದ ಮೂಡಣಕ್ಕೆ, ಕೂಗಿದರೆ ಕೇಳುವಷ್ಟು ದೂರದ ಬಂಡೆ ಬಯಲಿನಲ್ಲಿ, ಒಂದು ಜಲ್ಲಿ ಕ್ರಷರ್ ಬರಲಿತ್ತು. ಅನುಮತಿ ಕೊಡುವ ಮೊದಲು ಸರ್ಕಾರದವರು ಜನರ ಮುಂದೆ ವಿಚಾರಣೆ ನಡೆಸಬೇಕು. ಅದಕ್ಕಾಗಿ ಕ್ರಷರಿನವರು ಒಂದು ಸಲಹಾ ಕಂಪನಿಯಿಂದ ಈ ವರದಿ ಮಾಡಿಸಿದ್ದರು. ಕಂಪ್ಯೂಟರಿನೊಳಗೆ ಗಾಳಿ ಬೀಸಿಸಿ, ಧೂಳು ಎಲ್ಲಿ ಹೋಗಿ ಬೀಳುತ್ತದೆ ಎಂದು ನೋಡಿದ ವರದಿ. ಗಾಳಿ ಬೀಸುವುದು ಪಡುವಣದಿಂದ. ಆದ್ದರಿಂದ ಧೂಳೆಲ್ಲ ಮೂಡಣದ ಬೀಳು ನೆಲಕ್ಕೆ ಹೋಗುತ್ತದೆ. ಪಡುವಣದಲ್ಲಿರುವ ರೇಷ್ಮೆ ತೋಟದ ಮೇಲೆ ಗಮನಿಸುವಂಥ ಪರಿಣಾಮ ಇರುವುದಿಲ್ಲ. ಇದು ಅದರ ಸಾರ.

ಜಲ್ಲಿಯ ಧೂಳು ಕೂತ ಸೊಪ್ಪನ್ನು ರೇಷ್ಮೆ ಹುಳು ಮೂಸಿ ಬಿಡುತ್ತದೆ. ಹಸಿವಿಗೆ ತಿಂದರೆ ಸಪ್ಪೆ ರೋಗ ಹಿಡಿದು ಮೈ ಮೆತ್ತಗಾಗಿ ಸಾಯುತ್ತದೆ. ತೊಳೆದು ಹಾಕೋಣವೆಂದರೆ ಒದ್ದೆ ಸೊಪ್ಪು ಇನ್ನೊಂದು ಕೇಡು. ತಂಗಿ ಆ ತೋಟ ಇಟ್ಟು ಇಪ್ಪತ್ತೈದು ವರ್ಷ. ಧೂಳು ಪಡುವಣಕ್ಕೆ ತಿರುಗಿದರೆ ಅವಳ ಕಸುಬು ಮುಗಿಯಿತು. ತಿರುಗುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಉಳಿದ ಪುಟಗಳೆಲ್ಲ ರಟ್ಟಿನ ಅಲಂಕಾರ.

ನನ್ನ ಉದ್ಯೋಗವೇ ಗಾಳಿಯ ಲೆಕ್ಕವಾಗಿತ್ತು. ಅದು ಏನೆಂದು ಹೇಳದೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಕೊಳವೆ ಬಾವಿಯ ಪೈಪಿನಿಂದ ನೀರು ತೊಟ್ಟಿಗೆ ಬೀಳುವುದನ್ನು ನೋಡಿ. ಒಂದು ದೊಡ್ಡ ಸುಳಿ ಏಳುತ್ತದೆ, ಅದರ ಅಂಚಿನಲ್ಲಿ ಚಿಕ್ಕವು, ಚಿಕ್ಕವುಗಳ ಅಂಚಿನಲ್ಲಿ ಇನ್ನೂ ಚಿಕ್ಕವು, ಕಣ್ಣಿಗೆ ಕಾಣದಷ್ಟರವರೆಗೆ. ಗಾಳಿಯೂ ಹಾಗೇ. ಎಲ್ಲ ಸುಳಿಗಳನ್ನೂ ಹಿಡಿದಿಡುವ ಕಂಪ್ಯೂಟರ್ ಆಗ ಇರಲಿಲ್ಲ. ಒಂದು ಗುಡ್ಡದಷ್ಟು ಜಾಗಕ್ಕೆ ಈಗಲೂ ಇಲ್ಲ. ಅದಕ್ಕೆ ಜಾಗವನ್ನು ಡಬ್ಬ ಡಬ್ಬಗಳಾಗಿ ಕತ್ತರಿಸುತ್ತೇವೆ. ಒಂದು ಡಬ್ಬಕ್ಕೆ ಒಂದೇ ಗಾಳಿ, ಸರಾಸರಿಯದು. ಡಬ್ಬದೊಳಗೆ ಮುಚ್ಚಿಹೋದ ಸುಳಿಗಳ ಬದಲಿಗೆ ಒಂದು ಅಂದಾಜಿನ ಸೂತ್ರ. ಆಮೇಲೆ ಹೊತ್ತನ್ನೂ ತುಂಡು ತುಂಡು ಮಾಡಿ, ಒಂದು ತುಂಡಿನಲ್ಲಿ ಗಾಳಿ ಡಬ್ಬ ದಾಟಿ ಹಾರದಂತೆ ನೋಡಿಕೊಂಡು, ಪಕ್ಕದ ಡಬ್ಬಗಳಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂದು ಕೂಡುತ್ತ ಕಳೆಯುತ್ತ ಹೋಗುವುದು. ಲಕ್ಷ ಸಲ. ಇದರಲ್ಲಿ ಮಾಯಮಂತ್ರವಿಲ್ಲ. ಶಿಸ್ತು ಬೇಕು.

ನಮ್ಮ ವಿಭಾಗದಲ್ಲಿ ಶಿಸ್ತು ಇತ್ತು. ಪ್ರತಿ ಲೆಕ್ಕವನ್ನೂ ಮೂರು ಸಲ ಮಾಡಬೇಕು: ಮೊದಲು ದೊಡ್ಡ ಡಬ್ಬ, ಆಮೇಲೆ ಅದರ ಅರ್ಧ, ಆಮೇಲೆ ಅದರ ಅರ್ಧ. ಮೂರು ಉತ್ತರ ಒಂದಕ್ಕೊಂದು ಹತ್ತಿರ ಬರುತ್ತ ಹೋದರೆ ಮಾತ್ರ ಲೆಕ್ಕ ನಿಂತಿತು ಎಂದು ಅರ್ಥ. ಇಲ್ಲದಿದ್ದರೆ ಕಸದ ಬುಟ್ಟಿ. ಡಬ್ಬದ ಅಳತೆ, ಹೊತ್ತಿನ ತುಂಡು, ನೆಲದ ಏರಿಳಿತ, ಎಲ್ಲವನ್ನೂ ಶಾಯಿಯಲ್ಲಿ ರಿಜಿಸ್ಟರಿಗೆ ಬರೆದು ಸಹಿ ಹಾಕಬೇಕು. ಆ ಅಭ್ಯಾಸ ನನ್ನ ಅಡುಗೆಮನೆಗೂ ಬಂದಿದೆ, ಸಾರಿನ ಪುಡಿಯ ಡಬ್ಬಿಯ ಮೇಲೆ ಕುಟ್ಟಿದ ದಿನ ಬರೆದಿರುತ್ತದೆ. ತಂಗಿ ಅದನ್ನು ನೋಡಿ ನಗುತ್ತಾಳೆ.

ಒಂಬತ್ತರಿಂದ ಒಂದರವರೆಗೆ ಮೇಜಿನ ಮುಂದೆ ಕೂತು ವರದಿ ಓದಿದೆ.

ಡಬ್ಬದ ಅಳತೆ ಒಂದು ಕೋಷ್ಟಕದ ಅಡಿಯಲ್ಲಿ ಅಡಗಿತ್ತು. ಒಂದು ಡಬ್ಬ ನನ್ನ ತಂಗಿಯ ತೋಟಕ್ಕಿಂತ ದೊಡ್ಡದು. ಎಂದರೆ ಅವಳ ಮನೆ, ತೋಟ, ಶೆಡ್ಡು, ಕಣ, ಎಲ್ಲಕ್ಕೂ ಸೇರಿ ಒಂದೇ ಗಾಳಿ. ಆ ಒಂದು ಲೆಕ್ಕ ಬಿಟ್ಟರೆ ಅರ್ಧದ ಲೆಕ್ಕವಿಲ್ಲ, ಅದರ ಅರ್ಧದ್ದೂ ಇಲ್ಲ. ಒಂದೇ ಸಲ ಮಾಡಿ, ಬಣ್ಣ ಬಳಿದು, ಬೈಂಡು ಮಾಡಿದ್ದಾರೆ. ನೆಲದ ನಕ್ಷೆ ನೋಡಿದೆ. ಗುಡ್ಡವಿರಲಿಲ್ಲ. ಅದರ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ಒಂದು ಉಬ್ಬು. ಅನುಬಂಧದಲ್ಲಿ ಸಣ್ಣ ಅಕ್ಷರದ ಒಂದು ಸಾಲು: ಲೆಕ್ಕದ ಸ್ಥಿರತೆಗಾಗಿ ಕಡಿದಾದ ಇಳಿಜಾರುಗಳನ್ನು ಸವರಲಾಗಿದೆ.

ಗುಡ್ಡವನ್ನು ಸವರಿದರೆ ಏನಾಗುತ್ತದೆಂದು ನಮ್ಮ ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಬೇಸಿಗೆ ಕಡಲೆಕಾಯಿ ಕಿತ್ತು ಬಡಿದು, ಪಡುವಣ ಗಾಳಿ ಎದ್ದ ಮೇಲೆ ತೂರುತ್ತಾರೆ. ಸುತ್ತಲಿನ ಊರುಗಳಲ್ಲಿ ಪಡುವಣಕ್ಕೆ ಬೆನ್ನು ಕೊಟ್ಟು ನಿಂತು ತೂರುವುದು; ಹೊಟ್ಟು ಮೂಡಣಕ್ಕೆ ಹಾರುತ್ತದೆ. ನಮ್ಮ ಗುಡ್ಡದ ಬುಡದ ಕಣದಲ್ಲಿ ಮಾತ್ರ ಗುಡ್ಡಕ್ಕೆ ಮುಖ ಮಾಡಿ ನಿಲ್ಲಬೇಕು. ಹೊಟ್ಟು ಗುಡ್ಡದ ಕಡೆಗೇ ಹೋಗುತ್ತದೆ. ಹೊಸದಾಗಿ ಬಂದ ಸೊಸೆ ಮೊದಲ ದಿನ ತವರಿನಲ್ಲಿ ನಿಂತಂತೆ ನಿಂತು, ಮೊರ ಎತ್ತಿ, ಕಣ್ಣು ಬಾಯಿ ತುಂಬ ಹೊಟ್ಟು ತುಂಬಿಕೊಳ್ಳುವುದು, ಮಿಕ್ಕವರು ಹೊಟ್ಟೆ ಹಿಡಿದು ನಗುವುದು ನಮ್ಮೂರಿನ ಪದ್ಧತಿ. ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಕಾರಣ ಸರಳ: ಕಡಿದಾದ ಗುಡ್ಡ ದಾಟಿದ ಗಾಳಿ ಇಳಿಜಾರಿಗೆ ಅಂಟಿಕೊಂಡು ಇಳಿಯಲಾರದು. ನೆತ್ತಿಯಲ್ಲೇ ಹರಿದುಕೊಂಡು ಮುಂದೆ ಹೋಗುತ್ತದೆ, ಅದರ ಕೆಳಗೆ ದೊಡ್ಡದೊಂದು ಸುಳಿ ಮಗುಚಿ ನೆಲದ ಮೇಲೆ ಹಿಂದಕ್ಕೆ, ಗುಡ್ಡದ ಕಡೆಗೆ ಬೀಸುತ್ತದೆ. ಗುಡ್ಡವನ್ನು ಸವರಿ ಉಬ್ಬು ಮಾಡಿದರೆ ಗಾಳಿ ಅದರ ಮೇಲೆ ಎಣ್ಣೆಯಂತೆ ಜಾರಿ ನೇರ ಹೋಗುತ್ತದೆ. ಸುಳಿ ಹೋಯಿತು, ಹಿಂದೆ ಬರುವ ಧೂಳೂ ಹೋಯಿತು, ಲೆಕ್ಕದಲ್ಲಿ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬೇರೆಯವರ ಮೇಲೆ ಮಾತ್ರ ಸಿಟ್ಟಾಗಿ ಸುಖವಾಗಿರಬಹುದಿತ್ತು. ಆದರೆ ಆ ಸಾಲು ನನಗೆ ಪರಿಚಯದ್ದು. ಅಂಥದೊಂದು ಸಾಲನ್ನು ನಾನೇ ಬರೆದಿದ್ದೆ.

ಕೆಲಸಕ್ಕೆ ಸೇರಿದ ಹೊಸತು. ಎಲ್ಲೋ ದೂರದ ಒಂದು ಕಾರ್ಖಾನೆಯ ಚಿಮಣಿಯ ಹೊಗೆ ಎತ್ತ ಹೋಗುತ್ತದೆಂಬ ಲೆಕ್ಕ ನನ್ನ ಮೇಜಿಗೆ ಬಂತು. ಪಕ್ಕದಲ್ಲಿ ಗುಡ್ಡವಿತ್ತು. ಗುಡ್ಡ ಹಾಕಿದ ತಕ್ಷಣ ಲೆಕ್ಕ ಸಿಡಿಯುತ್ತಿತ್ತು. ಸಂಖ್ಯೆಗಳು ಬೆಳೆದು ಬೆಳೆದು, ಅಚ್ಚಿನ ಜಾಗದಲ್ಲಿ ಹಿಡಿಸದೆ, ಯಂತ್ರ ಅವುಗಳ ಬದಲು ನಕ್ಷತ್ರದ ಗುರುತು ಹೊಡೆಯುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ಕಾಗದದ ತುಂಬ ನಕ್ಷತ್ರ. ಮೂರು ವಾರ ಹೀಗಾಯಿತು. ನಮ್ಮ ಮೇಲಧಿಕಾರಿ ಬಂದು ನೋಡಿ, "ಗುಡ್ಡವನ್ನು ಸ್ವಲ್ಪ ಸವರಮ್ಮ, ನಾಡಿದ್ದು ಕಳಿಸಬೇಕು" ಎಂದರು. ಸವರಿದೆ. ನಕ್ಷತ್ರ ಹೋಗಿ ಸಂಖ್ಯೆ ಬಂತು. ಮೂರು ಸಲ ಮಾಡಿದೆ, ಮೂರೂ ಸೊಗಸಾಗಿ ಹೊಂದಿದವು. ಇಲ್ಲದ ಗುಡ್ಡದ ಲೆಕ್ಕ ಹೊಂದದೆ ಏನು? ಶಾಯಿಯಲ್ಲಿ ಬರೆದೆ: ಸ್ಥಿರತೆಗಾಗಿ ಇಳಿಜಾರು ಸವರಿದೆ. ಸಹಿ ಹಾಕಿದೆ. ಅದು ಒಳ್ಳೆಯ ಉಪಾಯವೆಂದು ವಿಭಾಗದ ಕೈಪಿಡಿಗೂ ಸೇರಿತು. ಆ ಚಿಮಣಿಯ ಕೆಳಗೆ ಯಾರ ಮನೆಗಳಿದ್ದವೋ ನಾನು ಕೇಳಲಿಲ್ಲ.

ವರದಿ ಓದಿದ ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಕಲ್ಯಾಣದುರ್ಗದಲ್ಲಿ ಬದಲಿಸಿ, ಪಾವಗಡದ ಮೇಲೆ ಮಡಕಶಿರಾ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ತಂಗಿ ಸ್ಕೂಟರ್ ತಂದು ನಿಂತಿದ್ದಳು. ಅರವತ್ತು ದಾಟಿದ ಹೆಂಗಸು ಅಮರಾಪುರದ ರಸ್ತೆಯಲ್ಲಿ ಕುರಿ ಮಂದೆಗಳ ನಡುವೆ ಸ್ಕೂಟರ್ ಓಡಿಸುವುದನ್ನು ಹಿಂದೆ ಕೂತು ಅನುಭವಿಸಬೇಕು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮೊದಲ ಪ್ರಶ್ನೆ ಕೇಳಿದೆ. "ಇವರು ಗಾಳಿ ಅಳೆದದ್ದು ಎಲ್ಲಿ?"

"ರೋಡ್ ತಾವ. ಆ ಬಯಲಾಗೆ ಒಂದು ಕಂಬ ನೆಟ್ಟಿದ್ರು, ಒಂದ್ ತಿಂಗ್ಳು."

"ಇಲ್ಲಿಗೆ ಬರಲೇ ಇಲ್ಲವಾ?"

"ಬಂದಿದ್ರು ಕಣಕ್ಕ. ಇಬ್ರು. ಒಂದು ಉದ್ದದ ಕಂಬ ಎತ್ಕಂಡ್ ಬಂದು, ಅಂಗಳದಾಗೆ ನೆಡ್ತೀವಿ ಅಂದ್ರು. ಹುಳ ಜ್ವರಕ್ಕೆ ಕುಂತಿದ್ವು." ಹುಳು ಮೇವು ಬಿಟ್ಟು ಅಲುಗಾಡದೆ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. "ಬೂಟ್ ಬೇರೆ ಹಾಕಂಡವ್ರೆ, ಯಾವ್ಯಾವ ಊರ್ ತುಳ್ಕಂಡ್ ಬಂದವ್ರೋ. ಓಡಿಸ್ದೆ."

"ಓಡಿಸಿದೆ?"

"ಮತ್ತೆ ಕೂರ್ಸಿ ಕಾಫಿ ಕೊಡ್ಲಾ? ಬೋರ್ಡ್ ತೋರ್ಸ್ದೆ. ಓದ್ಕಂಡ್ ವಾಪಸ್ ಹೋದ್ರು."

ಶೆಡ್ಡಿನ ಬಾಗಿಲಿನ ಬೋರ್ಡು ನಾನು ಬರೆದದ್ದು. ಹಿಂದೊಮ್ಮೆ ಅವಳ ಹುಳುವಿಗೆ ರೋಗ ಬಂದಾಗ, ಎಂಟು ನಿಯಮಗಳನ್ನು ದುಂಡಗೆ ಬರೆದು, ರಾಯದುರ್ಗದ ಅದೇ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ನಾನೇ ಬಂದು ಮೊಳೆ ಹೊಡೆದಿದ್ದೆ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ತೊಳೆಯುವುದು, ಸುಣ್ಣ ತುಳಿದು ಒಳಗೆ ಬರುವುದು, ಸೊಪ್ಪು ಹಾಕುವ ಗಂಟೆಗಳು. ಮೊದಲನೆಯ ನಿಯಮ: ಹುಳು ಇರುವಾಗ ಹೊರಗಿನವರು ಅಂಗಳದೊಳಗೆ ಬರಕೂಡದು, ಯಾವ ಕಾರಣಕ್ಕೂ.

ಊರಿಗೆಲ್ಲ ಗಾಳಿ ಮುಂದಕ್ಕೆ ಬೀಸಿ ಈ ಒಂದು ಅಂಗಳದಲ್ಲಿ ಹಿಂದಕ್ಕೆ ಬೀಸುತ್ತದೆ. ಅಲ್ಲಿಗೇ ಬಂದ ಕಂಬವನ್ನು ನನ್ನ ಅಕ್ಷರ ಓಡಿಸಿತ್ತು.

"ಗಾಳಿ ಅಳೆಯೋರು ಅಂದರೆ ಬೇರೆ ಅಂತ ನಿನಗೆ ಹೊಳೆಯಬಾರದಿತ್ತಾ?" ಎಂದು ಕೂಗಿದೆ.

"ಹೊಳೆಯೋದಾದ್ರೆ ಬೋರ್ಡ್ ಯಾಕಕ್ಕ? ಯಾವ ಕಾರಣಕ್ಕೂ ಅಂತ ಬರ್ದೋಳು ನೀನು. ಗಾಳಿಯೋರ್ನ ಬಿಟ್ಟು ಅಂತ ಬರೀಬೇಕಿತ್ತು."

ಅವಳು ತಟ್ಟೆ ತಂದಿಟ್ಟು, "ಉಣ್ಣು ಮೊದ್ಲು. ಹಸ್ಕಂಡಿದ್ರೆ ನಿಂಗೆ ಇನ್ನೂ ಸಿಟ್ಟು ಬತ್ತದೆ" ಎಂದಳು.

ವಿಚಾರಣೆಗೆ ಆರು ದಿನವಿತ್ತು. ಅವಳ ಹಳೆಯ ಹತ್ತಿ ಸೀರೆಯೊಂದನ್ನು ಬೆರಳಗಲದ ಪಟ್ಟಿಗಳಾಗಿ ಹರಿದು, ಒಂಬತ್ತು ಕೋಲುಗಳ ತುದಿಗೆ ಕಟ್ಟಿ, ಗುಡ್ಡದ ಬುಡದಿಂದ ಬಂಡೆ ಬಯಲಿನವರೆಗೆ ಒಂದೇ ಸಾಲಿನಲ್ಲಿ ನೆಟ್ಟೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಂದು ಸಲ ಸಾಲು ನಡೆದು, ಯಾವ ಪಟ್ಟಿ ಎತ್ತ ಹಾರುತ್ತಿದೆಯೆಂದು ಬರೆದೆ. ಐದು ದಿನ. ಗಾಳಿ ಜೋರಾದ ಹೊತ್ತಿನಲ್ಲೆಲ್ಲ ಗುಡ್ಡದ ಕಡೆಯ ಆರು ಪಟ್ಟಿಗಳು ಗುಡ್ಡಕ್ಕೆ ಹಾರಿದವು. ಏಳನೆಯದು ಎತ್ತ ಎಂದು ತಿಳಿಯದೆ ಒದ್ದಾಡಿತು. ಎಂಟು, ಒಂಬತ್ತು ಮೂಡಣಕ್ಕೆ. ಕ್ರಷರ್ ಬರುವ ಗುರುತಿನ ಕಲ್ಲು ಐದು ಮತ್ತು ಆರರ ನಡುವೆ ಇತ್ತು.

ದಾರಿಹೋಕನೊಬ್ಬ ಸೈಕಲ್ ನಿಲ್ಲಿಸಿ ಕೇಳಿದ, "ಏನಮ್ಮೋ, ಯಾವ ದೇವ್ರಿಗೆ ಹರಕೆ ಇದು?"

"ಲೆಕ್ಕದ ದೇವರಿಗೆ."

"ಬಲಿ ಗಿಲಿ ಐತಾ?"

"ಇದೆ. ಎಂಜಿನಿಯರನ್ನು ಕಡಿಯುತ್ತೇವೆ."

ಅವನು ಪೆಡಲು ತುಳಿದು ಹೋದ.

ವಿಚಾರಣೆ ಶಾಲೆಯ ಬಯಲಿನಲ್ಲಿ, ಶಾಮಿಯಾನದ ಕೆಳಗೆ. ನಡುವೆ ಸರ್ಕಾರದ ಅಧಿಕಾರಿ, ಅವರ ಪಕ್ಕದಲ್ಲಿ ಸಲಹಾ ಕಂಪನಿಯ ಎಂಜಿನಿಯರ್, ಮೂವತ್ತು ಇರಬಹುದು, ಇಸ್ತ್ರಿ ಅಂಗಿ. ಅವನು ಪರದೆಯ ಮೇಲೆ ಬಣ್ಣದ ಚಿತ್ರ ಓಡಿಸಿದ. ಕೆಂಪು ಹೊಗೆಯೊಂದು ಕ್ರಷರಿನಿಂದ ಎದ್ದು ಶಿಸ್ತಿನ ಮೆರವಣಿಗೆಯಂತೆ ಮೂಡಣಕ್ಕೆ ಸಾಗಿತು. ಜನ ಅದನ್ನು ಸಿನಿಮಾ ನೋಡಿದಂತೆ ನೋಡಿದರು.

ನನ್ನ ಸರದಿ ಬಂದಾಗ ಅಧಿಕಾರಿ ತೆಲುಗಿನಲ್ಲಿ, "ಮೇಡಂ, ಮೂಡು ನಿಮಿಷಾಲು ಮಾತ್ರಮೇ" ಎಂದರು. ಮೂರು ನಿಮಿಷ ನನಗೆ ಧಾರಾಳ. ಎಂಜಿನಿಯರನ್ನು ಕೇಳಿದೆ:

"ಡಬ್ಬ ಅರ್ಧ ಮಾಡಿ ಇನ್ನೊಮ್ಮೆ ಲೆಕ್ಕ ಮಾಡಿದಿರಾ?"

ಅವನು ತಬ್ಬಿಬ್ಬಾಗಿ ನನ್ನ ಬಿಳಿ ಕೂದಲು ನೋಡಿದ. "ಅಂದ್ರೆ... ಗ್ರಿಡ್ ಬಗ್ಗೆ ಕೇಳ್ತಿದೀರಾ, ಅಮ್ಮಾ?"

"ಹೌದು. ಮಾಡಿದಿರಾ?"

"ಒಂದೇ ಗ್ರಿಡ್. ನಿಯಮದ ಪ್ರಕಾರ ಅಷ್ಟು ಸಾಕು."

"ಗುಡ್ಡ ಎಲ್ಲಿ?"

"ಅದು... ಸ್ಮೂತ್ ಮಾಡಿದೀವಿ. ಸಾಫ್ಟ್‌ವೇರ್ ಸ್ಟೇಬಲ್ ಆಗಲಿ ಅಂತ."

ಜನರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ, ಗುಡ್ಡ ಇದ್ದರೆ ಇವರ ಲೆಕ್ಕ ಕೆಡುತ್ತದಂತೆ, ಅದಕ್ಕೆ ಗುಡ್ಡವನ್ನೇ ತೆಗೆದಿದ್ದಾರೆ ಎಂದು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ.

"ನಮ್ ಗುಡ್ಡ ಎತ್ತಾಕ್ಬುಟ್ರಾ? ಎಲ್ಲಿಕ್ಕಿದ್ರಿ ಸ್ವಾಮಿ? ಕುರಿ ಮೇಯ್ಸೋಕೆ ಎಲ್ಲೋಗ್ಲಿ ನಾನು?"

ಶಾಮಿಯಾನ ನಕ್ಕಿತು. ಎಂಜಿನಿಯರ್ ಕೆಂಪಾದ. ನಾನು ಸೀರೆ ಪಟ್ಟಿಗಳ ಪುಸ್ತಕ ಮೇಜಿನ ಮೇಲಿಟ್ಟೆ. ಅವನು ತಿರುವಿ ನೋಡಿ, ಪುಸ್ತಕ ಮುಚ್ಚಿ, "ಇದನ್ನು ಡೇಟಾ ಅಂತ ತಗೊಳ್ಳೋಕೆ ಆಗಲ್ಲ, ಅಮ್ಮಾ. ಅಂಗೀಕೃತ ಉಪಕರಣದಿಂದ ಅಳೆದಿರಬೇಕು" ಎಂದ. ಆಮೇಲೆ ವರದಿಯ ಒಂದು ಪುಟ ತೆಗೆದು ಅಧಿಕಾರಿಗೆ ತೋರಿಸಿದ. "ಆ ಜಾಗದಲ್ಲಿ ಅಳೆಯೋಕೆ ಹೋಗಿದ್ದೆವು ಸರ್. ಜಮೀನಿನವರೇ ಅನುಮತಿ ಕೊಡಲಿಲ್ಲ. ಇಲ್ಲಿ ಬರೆದಿದೆ."

ಬರೆದಿತ್ತು. ಅಷ್ಟು ಸುಳ್ಳಿನ ನಡುವೆ ಆ ಒಂದು ಸಾಲು ನಿಜವಾಗಿತ್ತು.

ಅಧಿಕಾರಿ ತಂಗಿಯನ್ನು ಕೇಳಿದರು, "ಇಪ್ಪುಡು ಒಪ್ಪುಕುಂಟಾರಾ ಅಮ್ಮಾ? ರೇಪೇ ಪೆಡತಾರು." ಈಗ ಒಪ್ಪುತ್ತೀರಾ, ನಾಳೆಯೇ ಕಂಬ ಇಡುತ್ತಾರೆ ಎಂದು. ಒಪ್ಪದಿದ್ದರೆ ಇದ್ದ ವರದಿಯೇ ಮೇಲಕ್ಕೆ ಹೋಗುತ್ತದೆ.

ಹುಳು ನಾಲ್ಕನೆಯ ಜ್ವರ ಎದ್ದು ಎರಡು ದಿನವಾಗಿತ್ತು. ಆ ಹೊತ್ತಿನ ಹುಳುವಿನ ಹಸಿವು ಹೇಳತೀರದು; ಶೆಡ್ಡಿನಲ್ಲಿ ಸೊಪ್ಪು ತಿನ್ನುವ ಸದ್ದು ಮಳೆಯಂತೆ ಕೇಳುತ್ತದೆ. ಗೂಡು ಕಟ್ಟಲು ಇನ್ನು ನಾಲ್ಕೈದು ದಿನ. ರೋಗ ತಗಲುವುದಿದ್ದರೆ ಆಗಲೇ ತಗಲುತ್ತದೆ. ತಂಗಿ ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಒಳಗೆ ಬಿಡು," ಎಂದೆ.

"ಬರ್ದೋಳೇ ಅಳಿಸ್ತಾವ್ಳೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, "ಕಳ್ಸಿ ಸಾರ್. ಬೂಟ್ ಮಾತ್ರ ರೋಡಾಗೇ ಬಿಚ್ಚಿ ಬರ್ಲಿ" ಎಂದಳು.

ಮರುದಿನ ಎಂಟಕ್ಕೆ ಎಂಜಿನಿಯರೇ ಬಂದ, ಕಂಬ ಹೊತ್ತ ಒಬ್ಬನ ಜೊತೆ. ತಂಗಿ ಇಬ್ಬರನ್ನೂ ಬರಿಗಾಲಿನಲ್ಲಿ ನಿಲ್ಲಿಸಿ, ಮೊಣಕಾಲಿನವರೆಗೆ ಪ್ಯಾಂಟು ಮಡಚಿಸಿ, ಬ್ಲೀಚಿಂಗ್ ನೀರು ಹುಯ್ದು, ಸುಣ್ಣದ ತಟ್ಟೆ ತುಳಿಸಿದಳು. ಕಂಬಕ್ಕೂ ನೀರು ಚಿಮುಕಿಸಿದಳು. ಕಂಬ ನಿಂತಿತು, ತುದಿಯಲ್ಲಿ ಗಾಳಿಯ ಬಾಣ.

ಹತ್ತರವರೆಗೆ ಗಾಳಿ ಸುಮ್ಮನಿತ್ತು. ಹನ್ನೊಂದಕ್ಕೆ ಎದ್ದಿತು. ಗುಡ್ಡದ ನೆತ್ತಿಯ ಮೇಲೆ ಯಾರೋ ಕಟ್ಟಿದ್ದ ಬಾವುಟ ಮೂಡಣಕ್ಕೆ ಪಟಪಟಿಸುತ್ತಿತ್ತು. ಅಂಗಳದ ಬಾಣ ಮೆಲ್ಲಗೆ ತಿರುಗಿ, ಗಾಳಿ ಬರುತ್ತಿರುವ ದಿಕ್ಕು ಮೂಡಣ ಎಂದು ತೋರಿಸಿ ನಿಂತಿತು. ಎಂಜಿನಿಯರ್ ಮೇಲೆ ಬಾವುಟ ನೋಡಿದ, ಕೆಳಗೆ ಬಾಣ ನೋಡಿದ. ಬಾಣ ಸಿಕ್ಕಿಕೊಂಡಿದೆಯೆಂದು ತಿಳಿದು ಅದನ್ನು ತಟ್ಟಲು ಕೈ ಎತ್ತಿದ.

"ಮುಟ್ಟಬೇಡಿ," ಎಂದೆ. "ಬರೆಯಿರಿ."

ಬರೆದ. ಹನ್ನೆರಡಕ್ಕೂ ಬರೆದ, ಒಂದಕ್ಕೂ ಬರೆದ. ಮೂರರ ಹೊತ್ತಿಗೆ ನನ್ನ ಪಕ್ಕದ ಕಲ್ಲ ಮೇಲೆ ಬಂದು ಕೂತು, ತಗ್ಗಿದ ದನಿಯಲ್ಲಿ ಹೇಳಿದ, "ನಾನು ಮೊದಲು ಗುಡ್ಡ ಹಾಕಿಯೇ ಮಾಡಿದ್ದೆ ಮೇಡಂ. ಸಿಡೀತು. ನಮ್ಮ ಬಾಸ್, ಸವರಿ ಕಳಿಸು ಅಂದ್ರು. ಗಡುವು ಇತ್ತು."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ನನ್ನ ಕೆನ್ನೆಗೂ. ಅದೇ ಮಾತು, ಅದೇ ನಾಡಿದ್ದಿನ ಗಡುವು, ಇಷ್ಟು ವರ್ಷದಲ್ಲಿ ಯಂತ್ರ ಮಾತ್ರ ಬದಲಾಗಿತ್ತು. ಬೈಯುವ ಬದಲು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ: ಗುಡ್ಡದ ಬಳಿ ಡಬ್ಬಗಳನ್ನು ಕಿರಿದು ಮಾಡಬೇಕು, ದೂರ ಹೋದಂತೆ ನಿಧಾನವಾಗಿ ಹಿಗ್ಗಿಸಬೇಕು, ಡಬ್ಬ ಕಿರಿದಾದಷ್ಟೂ ಹೊತ್ತಿನ ತುಂಡೂ ಕಿರಿದಾಗಬೇಕು, ಒಂದೇ ಸರಾಸರಿ ಗಾಳಿಯಲ್ಲಿ ನಿಲ್ಲಿಸದೆ ಸುಳಿ ಏಳಲು, ಒಡೆಯಲು ಬಿಡಬೇಕು. ಇದು ಗೊತ್ತಾಗಲು ನನಗೆ ಆ ಚಿಮಣಿಯ ನಂತರ ಹತ್ತು ವರ್ಷ ಬೇಕಾಯಿತು.

"ತುಂಬಾ ದಿನ ಓಡುತ್ತೆ ಮೇಡಂ."

"ಓಡಲಿ. ನಿಮ್ಮ ಮೈ ಏನು ಸವೆಯುತ್ತದೆ? ಮೂರು ಸಲ ಓಡಿಸಿ. ಆಮೇಲೆ ಸಹಿ ಹಾಕಿ."

ಕಂಬ ನಾಲ್ಕು ದಿನ ಇತ್ತು. ಹುಳು ಹಣ್ಣಾಗಿ ಗೂಡಿಗೆ ಏರುವ ಹೊತ್ತಿಗೆ, ಬಾಗಿಲ ಬಳಿಯ ಅಟ್ಟಣೆಯ ಹುಳುಗಳು ಮೆತ್ತಗಾದವು. ಅವನ್ನು ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದೆವು. ಕಂಬದವರಿಂದ ಬಂತೋ, ಬೇರೆಯದರಿಂದಲೋ, ಹೇಳಲು ಆಗದು. ತಂಗಿ ಗುದ್ದಲಿ ಒರೆಸುತ್ತ, "ಮಿಕ್ಕಿದ್ದು ಉಳೀತಲ್ಲ" ಎಂದಳು. ಇಷ್ಟೆಲ್ಲ ತಪ್ಪಲು ಒಬ್ಬ ಮನುಷ್ಯ ಮೊದಲ ಸಲವೇ ಗುಡ್ಡವನ್ನು ಗುಡ್ಡದ ಜಾಗದಲ್ಲಿ ಇಟ್ಟಿದ್ದರೆ ಸಾಕಿತ್ತು. ಆ ಗುಂಡಿಯ ಮುಂದೆ ನಿಂತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಹೊಸ ವರದಿ ಬರಲು ಎರಡು ತಿಂಗಳಾಯಿತು. ಮತ್ತೆ ಅದೇ ಅಂಗಡಿಯಲ್ಲಿ, ಈ ಸಲ ಒಂಬತ್ತಕ್ಕೆ ಸರಿಯಾಗಿ, ಬಣ್ಣದಲ್ಲಿ ತೆಗೆಸಿದೆ. ಗುಡ್ಡ ಇತ್ತು. ಅದರ ಬೆನ್ನ ಹಿಂದೆ ಸುಳಿ ಮಗುಚುತ್ತಿತ್ತು, ಕೆಂಪು ಹೊಗೆ ಕ್ರಷರಿನಿಂದ ಎದ್ದು ಹಿಂದಕ್ಕೆ ಬಂದು ನೇರ ತಂಗಿಯ ತೋಟದ ಮೇಲೆ ಕೂತಿತ್ತು. ಡಬ್ಬದ ಮೂರು ಅಳತೆಗಳೂ ಮೊದಲ ಪುಟದಲ್ಲೇ ಇದ್ದವು. ಆ ಜಾಗದ ಅರ್ಜಿಯನ್ನು ಕ್ರಷರಿನವರು ಹಿಂದಕ್ಕೆ ಪಡೆದರು. ಬೇರೊಂದು ಕಡೆ ಜಾಗ ನೋಡುತ್ತಿದ್ದಾರಂತೆ. ಅಲ್ಲಿ ಯಾರ ಯಾರ ಅಂಗಳದಲ್ಲಿ ಗಾಳಿ ಅಳೆದಿದ್ದೀರಿ ಎಂದು ಅಧಿಕಾರಿಗೆ ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಇನ್ನೊಂದು ಬರೆಯುತ್ತೇನೆ. ನನ್ನ ಹಳೆಯ ಪ್ರಯೋಗಾಲಯಕ್ಕೂ ಬರೆದೆ, ಆ ಚಿಮಣಿ ಯಾವ ಊರಿನದೆಂದು ಕೇಳಿ. ಹಳೆಯ ರಿಜಿಸ್ಟರುಗಳನ್ನು ವಿಲೇವಾರಿ ಮಾಡಲಾಗಿದೆ ಎಂದು ಒಂದು ಸಾಲಿನ ಜವಾಬು ಬಂತು.

ಕಳೆದ ಸಲ ಊರಿಗೆ ಹೋದಾಗ ಹೊಸ ಹುಳು ಮೂರನೆಯ ಜ್ವರ ಎದ್ದಿತ್ತು. ಕಾಲು ತೊಳೆದು ಸುಣ್ಣ ತುಳಿಯುವಾಗ ಬೋರ್ಡು ಕಣ್ಣಿಗೆ ಬಿತ್ತು. ನನ್ನ ದುಂಡು ಅಕ್ಷರದ ಮೊದಲ ನಿಯಮದ ಕೆಳಗೆ, ಲ್ಯಾಮಿನೇಷನ್ನಿನ ಮೇಲೆಯೇ, ತಂಗಿ ಬಣ್ಣದಲ್ಲಿ ಸೊಟ್ಟಂಬಟ್ಟ ಬರೆದಿದ್ದಳು: ಗಾಳಿ ಅಳೆಯೋರು ಬರಬೋದು, ಬೂಟು ಬಿಚ್ಚಿ.

"ಇದನ್ನು ತೆಗಿ. ರಾಯದುರ್ಗದಿಂದ ಹೊಸದು ಬರೆದು ಕಳಿಸುತ್ತೇನೆ," ಎಂದೆ.

"ಯಾವ್ದೂ ಬ್ಯಾಡ. ಇದೇ ಇರ್ಲಿ," ಎಂದು ಅವಳು ಕುಡುಗೋಲು ಕೈಗೆ ಕೊಟ್ಟಳು. "ಬಾ, ಸೊಪ್ಪು ಕೊಯ್ಯೋ ಹೊತ್ತಾಯ್ತು."

ಗಡಿಯಾರ ನೋಡಿದೆ. ಸೊಪ್ಪಿಗೆ ಬೋರ್ಡಿನಲ್ಲಿ ನಾನು ಬರೆದ ಹೊತ್ತು ಆರು ಗಂಟೆ; ಇನ್ನೂ ಎರಡು ನಿಮಿಷ ಇತ್ತು.